ಅನ್ನಭೇದಿ, ನೀಲಿ ಮತ್ತು ಐದು ಎಲೆಕ್ಟ್ರಾನ್

ಕಳೆದ ವರ್ಷದ ಮಳೆಗಾಲ. ಕೆಲಸ ಮುಗಿಸಿ ಬಂದು ಚಹಾ ಕುಡಿಯುತ್ತಾ ಕೂತಿದ್ದೆ. ಎದುರು ಮನೆಯ ಹುಡುಗಿ ನೋಟ್‌ಬುಕ್ ಹಿಡಿದು ಬಾಗಿಲಲ್ಲಿ ನಿಂತಳು. ಹತ್ತನೆಯ ತರಗತಿಯವರೆಗೆ ಗುಜರಾತಿ ಮಾಧ್ಯಮದಲ್ಲಿ ಓದಿ, ಹನ್ನೊಂದಕ್ಕೆ ಇಂಗ್ಲಿಷ್ ಮಾಧ್ಯಮದ ಸೈನ್ಸ್ ಸೇರಿದವಳು. ನಾನು ವಡೋದರಾದ ಒಂದು ಪ್ರಯೋಗಾಲಯದಲ್ಲಿ ಕಾರ್ಖಾನೆಗಳ ಕೊಳೆ ನೀರು ಪರೀಕ್ಷಿಸುವ ಕೆಮಿಸ್ಟ್ ಎಂಬುದು ನಮ್ಮ ಸೊಸೈಟಿಗೆಲ್ಲ ಗೊತ್ತು.

"ಅಂಕಲ್, ಎರಡೂ ಕಡೆ ಪರಮಾಣು ಎಣಿಸಿದೀನಿ. ಎಲ್ಲಾ ಸರಿ ಇದೆ. ಆದರೂ ಸರ್ ತಪ್ಪು ಅಂದರು."

ನೋಡಿದೆ. ಪರ್ಮಾಂಗನೇಟ್ ಮತ್ತು ಫೆರಸ್ ಕಬ್ಬಿಣದ ಹಳೆಯ ಲೆಕ್ಕ. ಅವಳು ಬರೆದದ್ದನ್ನು ಮಾತಿನಲ್ಲಿ ಹೇಳುವುದಾದರೆ ಹೀಗೆ:

ಪರ್ಮಾಂಗನೇಟ್ ಅಯಾನ್ + ಫೆರಸ್ ಅಯಾನ್ + 8 ಹೈಡ್ರೋಜನ್ ಅಯಾನ್ → ಮ್ಯಾಂಗನೀಸ್ ಅಯಾನ್ + ಫೆರಿಕ್ ಅಯಾನ್ + 4 ನೀರು

ಮ್ಯಾಂಗನೀಸ್ ಒಂದಕ್ಕೆ ಒಂದು, ಕಬ್ಬಿಣ ಒಂದಕ್ಕೆ ಒಂದು, ಆಮ್ಲಜನಕ ನಾಲ್ಕಕ್ಕೆ ನಾಲ್ಕು, ಹೈಡ್ರೋಜನ್ ಎಂಟಕ್ಕೆ ಎಂಟು. ಅವಳು ಹೇಳಿದ್ದು ನಿಜ, ಎಣಿಕೆಯಲ್ಲಿ ಒಂದೂ ಹೆಚ್ಚುಕಡಿಮೆ ಇಲ್ಲ. ಆದರೆ ಚಾರ್ಜ್ ಕೂಡಿಸಿದರೆ ಎಡಗಡೆ ಧನ 9, ಬಲಗಡೆ ಧನ 5. ನಾಲ್ಕು ಎಲ್ಲಿ ಹೋಯಿತು?

ಅಷ್ಟರಲ್ಲಿ ಅವಳ ತಾಯಿ ಬಂದರು. "ಭಾಯಿ, ಇವಳು ಸೈನ್ಸ್ ಬಿಟ್ಟು ಕಾಮರ್ಸ್‌ಗೆ ಹೋಗ್ತೀನಿ ಅಂತಿದಾಳೆ. ನೀವೇ ಸ್ವಲ್ಪ ಹೇಳಿ."

ನನಗೆ ಇಪ್ಪತ್ತೈದು ವರ್ಷ ಹಿಂದಿನ ಒಂದು ಬೆಂಚು ಕಣ್ಣ ಮುಂದೆ ಬಂತು.

*

ನಮ್ಮೂರು ಬಾಗಲಕೋಟೆ ಜಿಲ್ಲೆಯ ಒಂದು ನೇಕಾರರ ಊರು. ಪಿಯುಸಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯನದು ನೂಲಿಗೆ ಬಣ್ಣ ಹಾಕುವ ಮನೆತನ. ನಾವಿಬ್ಬರೂ ಹತ್ತರವರೆಗೆ ಕನ್ನಡ ಮಾಧ್ಯಮ. ಉತ್ಕರ್ಷಣ, ಅಪಕರ್ಷಣ ಎಂಬ ಶಬ್ದಗಳನ್ನು ಬಾಯಿಪಾಠ ಮಾಡಿ ಬಂದಿದ್ದೆವು. ಕಾಲೇಜಿನಲ್ಲಿ ಅವೇ ಆಕ್ಸಿಡೇಶನ್, ರಿಡಕ್ಷನ್ ಆಗಿ ಬಂದಾಗ ಗುರುತು ಸಿಗಲಿಲ್ಲ. ನಮ್ಮ ಮೇಷ್ಟ್ರು ಇಂಗ್ಲಿಷ್ ನೋಟ್ಸನ್ನು ಓದಿ ಹೇಳುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು.

ಆದರೆ ಅವನ ಮನೆಯ ಹಿತ್ತಲಿನಲ್ಲಿ ಬೇರೆಯದೇ ಪಾಠ ನಡೆಯುತ್ತಿತ್ತು. ಬಿಸಿ ನೀರಿನ ಬಾನಿಗೆ ಬಣ್ಣದ ಪುಡಿ, ಕಾಸ್ಟಿಕ್ ಸೋಡಾ, ಆಮೇಲೆ ಹೈಡ್ರೋಸ್. ನೋಡನೋಡುತ್ತಿದ್ದಂತೆ ಗಾಢ ನೀಲಿ ಕರಗಿ ಬೇರೊಂದು ಬಣ್ಣಕ್ಕೆ ತಿರುಗುತ್ತಿತ್ತು. ನೂಲಿನ ಲಡಿ ಅದ್ದಿ ಹೊರಗೆ ತೆಗೆದು ಗಾಳಿಗೆ ಹಿಡಿದರೆ ನೀಲಿ ಮತ್ತೆ ಹುಟ್ಟುತ್ತಿತ್ತು. "ಹೈಡ್ರೋಸ್ ಹಾಕಿದ್ರ ಬಣ್ಣ ಸಾಯತೈತಿ, ಗಾಳಿ ಹತ್ತಿದ್ರ ಏಳತೈತಿ. ಇಷ್ಟ ನೋಡಲೇ," ಎನ್ನುತ್ತಿದ್ದ. ಎಷ್ಟು ನೂಲಿಗೆ ಎಷ್ಟು ಹೈಡ್ರೋಸ್ ಎಂಬುದು ಅವನ ಕೈಗೆ ಗೊತ್ತಿತ್ತು. ಕಡಿಮೆಯಾದರೆ ಬಣ್ಣ ಮೇಲೆಮೇಲೇ ಕೂತು ತಿಕ್ಕಿದರೆ ಹೋಗುತ್ತದೆ ಎಂಬುದೂ ಗೊತ್ತಿತ್ತು.

ಆ ವರ್ಷ ಅವನು ಕೆಮಿಸ್ಟ್ರಿಯಲ್ಲಿ ಫೇಲಾದ. ಎರಡನೇ ಸಲ ಕಟ್ಟಲಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ರೆಡಾಕ್ಸ್ ಸಮೀಕರಣ ಸರಿದೂಗಿಸುವ ಪ್ರಶ್ನೆ ಇತ್ತು. ಅದು ತಮ್ಮ ಹಿತ್ತಲಿನ ಬಾನಿಯದೇ ಲೆಕ್ಕ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಅದು ಗೊತ್ತಾದದ್ದು ವಡೋದರಾಕ್ಕೆ ಬಂದ ಮೇಲೆ, ಇಲ್ಲಿನ ಒಂದು ಹಳೆಯ ಸಂಸ್ಥೆಯ ಕಥೆ ಓದುವಾಗ.

*

ರಾಜಮಹಲ್ ರಸ್ತೆಯಲ್ಲಿ ಹೋಗುವವರಿಗೆ ಕಲಾಭವನ ಎಂದರೆ ಎಂ. ಎಸ್. ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಕಾಲೇಜು. ವಿಶ್ವವಿದ್ಯಾಲಯ ಹುಟ್ಟಿದ್ದು 1949ರಲ್ಲಿ. ಕಲಾಭವನ ಅದಕ್ಕಿಂತ ಸುಮಾರು ಅರವತ್ತು ವರ್ಷ ಹಿರಿದು. ಮೂರನೆಯ ಸಯಾಜಿರಾವ್ ಗಾಯಕವಾಡರು 1890ರಲ್ಲಿ ಇದನ್ನು ಆರಂಭಿಸಿದರು. ಅದರ ಹಿಂದಿದ್ದ ತಲೆ ತ್ರಿಭುವನದಾಸ್ ಕಲ್ಯಾಣದಾಸ್ ಗಜ್ಜರ್ ಅವರದು.

ಗಜ್ಜರ್ 1863ರಲ್ಲಿ ಸೂರತ್‌ನಲ್ಲಿ ಹುಟ್ಟಿದವರು. ಮರಗೆಲಸದ ಸಮುದಾಯ. ಬರೋಡಾ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ನಮ್ಮ ಕಸುಬುದಾರರ ಕೈಯಲ್ಲಿರುವ ವಿದ್ಯೆಗೆ ಹೊಸ ವಿಜ್ಞಾನ ಕೂಡಬೇಕು, ಅದು ಅವರ ಭಾಷೆಯಲ್ಲೇ ಕೂಡಬೇಕು ಎಂಬುದು ಅವರ ಹಟ. ಕಲಾಭವನದಲ್ಲಿ ಬಟ್ಟೆಗೆ ಬಣ್ಣ ಹಾಕುವುದು, ಅಚ್ಚು ಹಾಕುವುದು, ಮರಗೆಲಸ, ಯಂತ್ರ ಕೆಲಸಗಳನ್ನು ದೇಶಭಾಷೆಯಲ್ಲೇ ಕಲಿಸಲಾಯಿತು. ಅದಕ್ಕೆ ಬೇಕಾದ ಪುಸ್ತಕಗಳೇ ಇರಲಿಲ್ಲ. ಆಗ ಪುಸ್ತಕ ಬರೆಸುವ ಕೆಲಸವೂ ಅವರ ಹೆಗಲಿಗೆ ಬಂತು. ಸಯಾಜಿ ಜ್ಞಾನಮಂಜೂಷಾ ಎಂಬ ಪುಸ್ತಕಮಾಲೆ ಆ ಪ್ರಯತ್ನದ ಫಲ. ಮುಂದೆ ಸಿನಿಮಾ ತೆಗೆದ ದಾದಾಸಾಹೇಬ್ ಫಾಳ್ಕೆ ಕೂಡ ಕಲಾಭವನದಲ್ಲಿ ಕಲಿತವರೇ.

ಗಜ್ಜರ್ ಅವರ ಹೆಸರು ದೇಶಕ್ಕೆಲ್ಲ ತಿಳಿದದ್ದು ಬೇರೊಂದು ಕಾರಣಕ್ಕೆ. 1896ರಲ್ಲಿ ಚಾಪೇಕರ್ ಸಹೋದರರು ಮುಂಬೈಯಲ್ಲಿದ್ದ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಪ್ರತಿಮೆಗೆ ಡಾಂಬರು ಬಳಿದರು. ಯಾರಿಗೂ ತೆಗೆಯಲಾಗದ ಆ ಕಲೆಯನ್ನು ಕಲ್ಲಿಗೆ ಪೆಟ್ಟಾಗದಂತೆ ತೆಗೆದವರು ಗಜ್ಜರ್. ಅಷ್ಟರಲ್ಲಿ ಅವರು ಬರೋಡಾ ಬಿಟ್ಟು ಮುಂಬೈ ಸೇರಿದ್ದರು. 1907ರಲ್ಲಿ ವಡೋದರಾದಲ್ಲಿ ಅಲೆಂಬಿಕ್ ಕೆಮಿಕಲ್ ವರ್ಕ್ಸ್ ಶುರುವಾದಾಗ ಅದರ ಹಿಂದೆ ನಿಂತವರು ಗಜ್ಜರ್ ಮತ್ತು ಅವರ ಶಿಷ್ಯರು. ಗಜ್ಜರ್ ತೀರಿಕೊಂಡದ್ದು 1920ರಲ್ಲಿ.

ಅವರ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಪ್ರತಿಮೆಯಲ್ಲ, ಬಣ್ಣದ ಕ್ಲಾಸು. 1890ರ ಇಸವಿ ಎಂದರೆ ಎಲೆಕ್ಟ್ರಾನ್ ಇನ್ನೂ ಯಾರಿಗೂ ಗೊತ್ತಿಲ್ಲದ ಕಾಲ. ನಾವು ಇಂದು ಎಲೆಕ್ಟ್ರಾನ್ ಹಿಡಿದು ವಿವರಿಸುವ ಕ್ರಿಯೆಯನ್ನು ಅವರು ಯಾವುದನ್ನು ಹಿಡಿದು ವಿವರಿಸುತ್ತಿದ್ದರು?

*

ನೀಲಿ ಗುಜರಾತಿನ ಹಳೆಯ ಸರಕು. ಅಹಮದಾಬಾದಿನ ಪಕ್ಕದ ಸರಖೇಜ್‌ನ ನೀಲಿಗಾಗಿ 17ನೇ ಶತಮಾನದಲ್ಲಿ ಇಂಗ್ಲಿಷರು, ಡಚ್ಚರು ಪೈಪೋಟಿ ನಡೆಸಿದರು. ಅದು ಸೂರತ್ ಬಂದರಿನಿಂದ ಹಡಗು ಹತ್ತುತ್ತಿತ್ತು. ಸರಕಿನ ಜೊತೆ ಹೆಸರೂ ಹೋಯಿತು. ನಮ್ಮ 'ನೀಲ' ಅರಬ್ಬರ ಬಾಯಲ್ಲಿ 'ಅನ್‌ನೀಲ್', ಪೋರ್ಚುಗೀಸರಲ್ಲಿ 'ಅನಿಲ್' ಆಯಿತು. 1826ರಲ್ಲಿ ನೀಲಿಯನ್ನು ಕಾಯಿಸಿ ಭಟ್ಟಿ ಇಳಿಸಿದಾಗ ಸಿಕ್ಕ ದ್ರವಕ್ಕೆ ಮುಂದೆ 'ಅನಿಲೀನ್' ಎಂಬ ಹೆಸರು ನಿಂತಿತು. ಜರ್ಮನಿಯ ಬಣ್ಣದ ಕಾರ್ಖಾನೆಗಳು ಎದ್ದದ್ದೇ ಆ ಅನಿಲೀನ್ ಮೇಲೆ. ನನ್ನ ಪಿಯುಸಿ ಪುಸ್ತಕದಲ್ಲಿ ಪರಕೀಯವಾಗಿ ಕಂಡ ಆ ಶಬ್ದದ ಹೊಟ್ಟೆಯಲ್ಲಿ ನೀಲ ಇತ್ತು.

ನೀಲಿಯ ತೊಡಕು ಒಂದೇ. ಅದು ನೀರಿನಲ್ಲಿ ಕರಗುವುದಿಲ್ಲ. ಕರಗದ ಬಣ್ಣ ನೂಲಿನೊಳಗೆ ಇಳಿಯುವುದಿಲ್ಲ. ಅದಕ್ಕೇ ಅದನ್ನು ಮೊದಲು ಬಣ್ಣ ಕಳೆದ, ಕರಗುವ ರೂಪಕ್ಕೆ ತರಬೇಕು. ಕೆಮಿಸ್ಟರು ಅದನ್ನು 'ಬಿಳಿ ನೀಲಿ' ಎಂದು ಕರೆದರು. ಹಳಬರು ಬೆಲ್ಲ, ಸುಣ್ಣ, ತಗಚೆ ಬೀಜ ಹಾಕಿ ಬಾನಿಯನ್ನು ದಿನಗಟ್ಟಲೆ ಹುಳಿಯಿಸಿ ಇದನ್ನು ಸಾಧಿಸುತ್ತಿದ್ದರು. 19ನೇ ಶತಮಾನದಲ್ಲಿ ಹತ್ತಿ ಬಟ್ಟೆಗೆ ಹೆಚ್ಚು ಬಳಕೆಯಲ್ಲಿದ್ದದ್ದು ಅನ್ನಭೇದಿ ಮತ್ತು ಸುಣ್ಣದ ಬಾನಿ. ಅನ್ನಭೇದಿ ಎಂದರೆ ಫೆರಸ್ ಸಲ್ಫೇಟ್, ಗುಜರಾತಿಯಲ್ಲಿ ಹೀರಾಕಸಿ. ಹೌದು, ಎದುರು ಮನೆಯ ಹುಡುಗಿಯ ನೋಟ್‌ಬುಕ್ಕಿನಲ್ಲಿದ್ದ ಅದೇ ಫೆರಸ್ ಕಬ್ಬಿಣ.

ಆ ಕಾಲದ ರಸಾಯನಶಾಸ್ತ್ರ ಇದನ್ನು ಹೀಗೆ ವಿವರಿಸುತ್ತಿತ್ತು: ಆಮ್ಲಜನಕ ಸೇರಿದರೆ ಅದು ಉತ್ಕರ್ಷಣ, ಆಮ್ಲಜನಕ ಹೋದರೆ ಅಥವಾ ಹೈಡ್ರೋಜನ್ ಸೇರಿದರೆ ಅಪಕರ್ಷಣ. ಬಾನಿಯಲ್ಲಿ ನೀಲಿಗೆ ಎರಡು ಹೈಡ್ರೋಜನ್ ಸೇರಿ ಬಿಳಿ ನೀಲಿಯಾಗುತ್ತದೆ, ಗಾಳಿಯ ಆಮ್ಲಜನಕ ಆ ಹೈಡ್ರೋಜನ್ ಕಿತ್ತುಕೊಂಡಾಗ ನೀಲಿ ಮರಳುತ್ತದೆ. ವಿವರಣೆ ತಪ್ಪೇನಲ್ಲ. ಸಮೀಕರಣಗಳನ್ನು ಇಡೀ ಲವಣಗಳಲ್ಲಿ ಬರೆಯುತ್ತಿದ್ದರಿಂದ ಪರಮಾಣು ಎಣಿಸಿದರೆ ಕೆಲಸ ಸಾಗುತ್ತಿತ್ತು. ಆದರೆ ಸರಿಯಾದ ಸಂಖ್ಯೆ ಸಿಗುವವರೆಗೆ ಒಂದೊಂದೇ ಹಾಕಿ ನೋಡಬೇಕು. ಇದಕ್ಕೊಂದು ಕ್ರಮ ಬೇಕೆಂದು ಅಮೆರಿಕದ ಮಿಷಿಗನ್‌ನ ಒ. ಸಿ. ಜಾನ್ಸನ್ 1880ರಲ್ಲೇ ಪರಮಾಣುಗಳ 'ಬಂಧ'ಗಳನ್ನು ಧನ, ಋಣ ಎಂದು ಎಣಿಸುವ ನಿಯಮ ಕೊಟ್ಟಿದ್ದರು. ಇಂದಿನ ಉತ್ಕರ್ಷಣ ಸಂಖ್ಯೆಯ ವಿಧಾನಕ್ಕೆ ಅದು ಪೂರ್ವಜ. ಎಣಿಸುತ್ತಿರುವುದು ಏನನ್ನು ಎಂಬುದು ಮಾತ್ರ ತಿಳಿದಿರಲಿಲ್ಲ.

ಅದು ತಿಳಿದದ್ದು 1897ರಲ್ಲಿ, ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದಾಗ. ಅದೇ 1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಕಾರ್ಖಾನೆಯಲ್ಲಿ ತಯಾರಿಸಿದ ನೀಲಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಒಂದೇ ವರ್ಷದಲ್ಲಿ ನೀಲಿಯ ಗುಟ್ಟು ತಿಳಿಯುವ ದಾರಿ ತೆರೆಯಿತು, ನಮ್ಮ ನೀಲಿಯ ಬೆಳೆಗೆ ಕುತ್ತೂ ಬಂತು. ಬಿಹಾರದಲ್ಲಿ ನೀಲಿ ದೊರೆಗಳು ತಮ್ಮ ನಷ್ಟವನ್ನು ರೈತರ ತಲೆಗೆ ಕಟ್ಟಿದ್ದನ್ನೂ, 1917ರಲ್ಲಿ ಗಾಂಧೀಜಿ ಅಹಮದಾಬಾದಿನ ಆಶ್ರಮ ಕಟ್ಟುತ್ತಿದ್ದ ದಿನಗಳಲ್ಲೇ ಚಂಪಾರಣಕ್ಕೆ ಹೋದದ್ದನ್ನೂ ನೀವು ಓದಿರುತ್ತೀರಿ.

ಉತ್ಕರ್ಷಣ ಎಂದರೆ ಎಲೆಕ್ಟ್ರಾನ್ ಕಳೆದುಕೊಳ್ಳುವುದು, ಅಪಕರ್ಷಣ ಎಂದರೆ ಪಡೆಯುವುದು ಎಂದಾದ ಮೇಲೆ, ಒಂದು ಕ್ರಿಯೆಯನ್ನು ಎರಡು ಅರ್ಧಗಳಾಗಿ ಒಡೆದು ಬರೆಯುವುದು ಸಾಧ್ಯವಾಯಿತು. ಬ್ಯಾಟರಿ, ವಿದ್ಯುದ್ವಿಭಜನೆಗಳ ಮೇಲೆ ಕೆಲಸ ಮಾಡುವವರಿಗೆ ಇದು ಸಹಜವಾಗಿ ಬಂತು. ತರಗತಿಗೆ ತಂದವರಲ್ಲಿ ಎರಿಕ್ ಜೆಟ್ ಮತ್ತು ವಿಕ್ಟರ್ ಲಾಮರ್ ಮುಖ್ಯರು. 1927ರಲ್ಲಿ ಅಮೆರಿಕದ ರಸಾಯನ ಶಿಕ್ಷಕರ ಪತ್ರಿಕೆಯಲ್ಲಿ ಅವರು ಅಯಾನ್-ಎಲೆಕ್ಟ್ರಾನ್ ವಿಧಾನವನ್ನು ಪ್ರತಿಪಾದಿಸಿದರು. ಗಜ್ಜರ್ ತೀರಿಕೊಂಡು ಆಗಲೇ ಏಳು ವರ್ಷ.

*

ಆ ಸಂಜೆ ನಾನು ಹುಡುಗಿಗೆ ಮೊದಲು ಹೇಳಿದ್ದು ಪರ್ಮಾಂಗನೇಟ್ ಅಲ್ಲ, ಹೀರಾಕಸಿಯ ಬಾನಿ. ಕಛ್‌ನ ಅಜ್ರಖ್ ಬಟ್ಟೆ ಅವಳಿಗೆ ಗೊತ್ತಿತ್ತು. ಅದರ ನೀಲಿ ಎಲ್ಲಿಂದ ಬರುತ್ತದೆ ಎಂದು ಕೇಳುತ್ತಾ ಶುರು ಮಾಡಿದೆ.

ಅನ್ನಭೇದಿಗೆ ಸುಣ್ಣ ಸೇರಿದಾಗ ಫೆರಸ್ ಹೈಡ್ರಾಕ್ಸೈಡ್ ಆಗುತ್ತದೆ. ಅದು ಕೊಡುವವನು. ಅವನ ಲೆಕ್ಕ ಬೇರೆ ಬರಿ:

ಫೆರಸ್ ಹೈಡ್ರಾಕ್ಸೈಡ್ + ಹೈಡ್ರಾಕ್ಸೈಡ್ ಅಯಾನ್ → ಫೆರಿಕ್ ಹೈಡ್ರಾಕ್ಸೈಡ್ + 1 ಎಲೆಕ್ಟ್ರಾನ್

ನೀಲಿ ಪಡೆಯುವವನು. ಅವನ ಲೆಕ್ಕ ಬೇರೆ:

ನೀಲಿ + 2 ನೀರು + 2 ಎಲೆಕ್ಟ್ರಾನ್ → ಬಿಳಿ ನೀಲಿ + 2 ಹೈಡ್ರಾಕ್ಸೈಡ್ ಅಯಾನ್

ಪ್ರತಿ ಸಾಲಿನಲ್ಲೂ ಮೊದಲು ಪರಮಾಣು ಎಣಿಸು, ಆಮೇಲೆ ಚಾರ್ಜ್ ಎಣಿಸು. ಚಾರ್ಜಿನ ವ್ಯತ್ಯಾಸ ಎಷ್ಟೋ ಅಷ್ಟು ಎಲೆಕ್ಟ್ರಾನ್. ಈಗ ನೋಡು, ಒಬ್ಬ ಒಂದೊಂದೇ ಕೊಡುತ್ತಾನೆ, ಇನ್ನೊಬ್ಬನಿಗೆ ಎರಡು ಬೇಕು. ಆದ್ದರಿಂದ ಕೊಡುವವರು ಇಬ್ಬರು ಬೇಕು. ಮೊದಲ ಸಾಲನ್ನು ಎರಡರಿಂದ ಗುಣಿಸಿ, ಎರಡೂ ಸಾಲು ಕೂಡಿಸಿ, ಎರಡೂ ಕಡೆ ಇರುವುದನ್ನು ಹೊಡೆದುಹಾಕು:

ನೀಲಿ + 2 ಫೆರಸ್ ಹೈಡ್ರಾಕ್ಸೈಡ್ + 2 ನೀರು → ಬಿಳಿ ನೀಲಿ + 2 ಫೆರಿಕ್ ಹೈಡ್ರಾಕ್ಸೈಡ್

"ಎಲೆಕ್ಟ್ರಾನ್ ಎಲ್ಲಿ ಹೋಯಿತು ಅಂಕಲ್?"

"ಕೈ ಬದಲಾಯಿತು. ಕೊನೆಯ ಸಾಲಿನಲ್ಲಿ ಕಾಣುವುದಿಲ್ಲ. ಅದಕ್ಕೇ ಅರ್ಧರ್ಧ ಬರೆಯುವುದು."

ಅವಳು ತನ್ನ ಲೆಕ್ಕಕ್ಕೆ ಮರಳಿದಳು. ಪರ್ಮಾಂಗನೇಟ್ + 8 ಹೈಡ್ರೋಜನ್ ಅಯಾನ್ → ಮ್ಯಾಂಗನೀಸ್ ಅಯಾನ್ + 4 ನೀರು. ಎಡಗಡೆ ಧನ 7, ಬಲಗಡೆ ಧನ 2. ವ್ಯತ್ಯಾಸ 5. ಎಡಗಡೆಗೆ 5 ಎಲೆಕ್ಟ್ರಾನ್. ಫೆರಸ್ ಕೊಡುವುದು ಒಂದೇ. "ಹಾಗಾದರೆ ಐದು ಫೆರಸ್!" ಎಂದಳು. ಕೂಡಿಸಿ ಚಾರ್ಜ್ ನೋಡಿದಳು. ಎಡಕ್ಕೂ 17, ಬಲಕ್ಕೂ 17. ಮೊದಲು ಕಾಣೆಯಾಗಿದ್ದ ನಾಲ್ಕು ಎಂದರೆ ಅವಳು ಬರೆಯದೇ ಬಿಟ್ಟ ನಾಲ್ಕು ಫೆರಸ್‌ಗಳು ಕೊಡಬೇಕಿದ್ದ ನಾಲ್ಕು ಎಲೆಕ್ಟ್ರಾನ್.

ಅವಳಿಗೆ ಉತ್ಕರ್ಷಣ ಎಂಬ ನಮ್ಮ ಶಬ್ದವನ್ನೂ ಹೇಳಿದೆ. ಉತ್ಕರ್ಷ ಎಂದರೆ ಏಳಿಗೆ. ಎಲೆಕ್ಟ್ರಾನ್ ಕಳೆದುಕೊಳ್ಳುವುದು ಹೇಗೆ ಏಳಿಗೆ ಎಂದು ನಕ್ಕಳು. ಆ ಹೆಸರು ಆಮ್ಲಜನಕ ಪಡೆಯುವ ಕಾಲದ್ದು, ಎಲೆಕ್ಟ್ರಾನ್ ಆಮೇಲೆ ಬಂತು, ಮೇಲೇರುವುದು ಉತ್ಕರ್ಷಣ ಸಂಖ್ಯೆ ಎಂದೆ. ಚರಿತ್ರೆ ಹೇಳಿದರೆ ಗೊಂದಲ ತಾನಾಗಿ ಬಿಡಿಸಿಕೊಳ್ಳುತ್ತದೆ. ನನಗೆ ಆ ವಯಸ್ಸಿನಲ್ಲಿ ಅದನ್ನು ಹೇಳಿದವರಿರಲಿಲ್ಲ.

*

ಈ ಅರ್ಧ ಸಮೀಕರಣ ಬರೀ ಕಾಗದದ ಮೇಲಿನ ಯುಕ್ತಿ ಎಂದು ಭಾವಿಸಬೇಡಿ. ವಡೋದರಾದ ಸುತ್ತ ಅವು ಕಾರ್ಖಾನೆಗಳಾಗಿ ನಿಂತಿವೆ. 1973ರಲ್ಲಿ ಸ್ಥಾಪನೆಯಾದ ಗುಜರಾತ್ ಆಲ್ಕಲೀಸ್ ಕಂಪನಿ ಉಪ್ಪುನೀರಿಗೆ ವಿದ್ಯುತ್ ಹಾಯಿಸಿ ಕಾಸ್ಟಿಕ್ ಸೋಡಾ ತಯಾರಿಸುತ್ತದೆ. ಇಂಥ ಘಟಕಗಳಲ್ಲಿ ನಡುವೆ ಒಂದು ತೆಳು ಪೊರೆ. ಒಂದು ಬದಿಯಲ್ಲಿ ಕ್ಲೋರೈಡ್ ಎಲೆಕ್ಟ್ರಾನ್ ಕಳೆದುಕೊಂಡು ಕ್ಲೋರಿನ್ ಅನಿಲವಾಗುತ್ತದೆ. ಇನ್ನೊಂದು ಬದಿಯಲ್ಲಿ ನೀರು ಎಲೆಕ್ಟ್ರಾನ್ ಪಡೆದು ಹೈಡ್ರೋಜನ್ ಅನಿಲ ಮತ್ತು ಹೈಡ್ರಾಕ್ಸೈಡ್ ಕೊಡುತ್ತದೆ. ಎರಡು ಅರ್ಧಗಳು ನಿಜಕ್ಕೂ ಎರಡು ಕೋಣೆಗಳಲ್ಲಿ, ನಡುವೆ ತಂತಿ. ನನ್ನ ಗೆಳೆಯನ ಬಾನಿಗೆ ಬೀಳುತ್ತಿದ್ದ ಕಾಸ್ಟಿಕ್ ಹುಟ್ಟುವುದು ಹೀಗೆ.

ನನ್ನ ಕೆಲಸವೂ ಇದೇ. ಕೊಳೆ ನೀರಿಗೆ ಡೈಕ್ರೊಮೇಟ್ ಹಾಕಿ ಎರಡು ಗಂಟೆ ಕುದಿಸುತ್ತೇವೆ. ಕೊಳೆಯನ್ನು ಸುಟ್ಟು ಉಳಿದ ಡೈಕ್ರೊಮೇಟ್ ಎಷ್ಟು ಎಂದು ಬ್ಯುರೆಟ್ಟಿನಿಂದ ಫೆರಸ್ ಬಿಟ್ಟು ಅಳೆಯುತ್ತೇವೆ. ಒಂದು ಡೈಕ್ರೊಮೇಟ್‌ಗೆ 6 ಎಲೆಕ್ಟ್ರಾನ್, ಆದ್ದರಿಂದ 6 ಫೆರಸ್. ಕೊನೆಗೆ ಸೂತ್ರದಲ್ಲಿ 8000 ಎಂಬ ಸಂಖ್ಯೆ ಬರುತ್ತದೆ. ವರ್ಷಗಟ್ಟಲೆ ಅದನ್ನು ಕಣ್ಣುಮುಚ್ಚಿ ಗುಣಿಸಿದ್ದೆ. ಆಮ್ಲಜನಕದ ಅರ್ಧ ಸಮೀಕರಣ ಬರೆದ ದಿನ ಅದು ತಿಳಿಯಿತು. ಒಂದು ಆಮ್ಲಜನಕ ಅಣು ಪಡೆಯುವುದು 4 ಎಲೆಕ್ಟ್ರಾನ್, ಅದರ ತೂಕ 32. ಒಂದು ಎಲೆಕ್ಟ್ರಾನಿನ ಪಾಲಿಗೆ 8. ಗ್ರಾಮನ್ನು ಮಿಲಿಗ್ರಾಮ್ ಮಾಡಿದರೆ 8000. ಒಂದು ನದಿಗೆ ನಾವು ಬಿಡುವ ಕೊಳೆ ಅಲ್ಲಿನ ಮೀನಿನ ಉಸಿರಿನಿಂದ ಎಷ್ಟು ಆಮ್ಲಜನಕ ಕಸಿಯಬಲ್ಲದು ಎಂಬುದರ ಲೆಕ್ಕ ಅದು.

*

ಕನ್ನಡದಲ್ಲೂ ಗಜ್ಜರ್ ಅವರಂಥ ಹಟ ಹಿಡಿದವರಿದ್ದರು. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರ ಸುಮಾರಿಗೆ ಬೆಂಗಳೂರಿನಲ್ಲಿ 'ವಿಜ್ಞಾನ' ಎಂಬ ಪತ್ರಿಕೆ ತಂದರು. ಅದು ಎರಡೇ ವರ್ಷ ನಡೆಯಿತು. ಮೈಸೂರಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಜೆ. ಆರ್. ಲಕ್ಷ್ಮಣರಾವ್ 'ಪರಮಾಣು ಚರಿತ್ರೆ' ಬರೆದರು, 'ಬಾಲವಿಜ್ಞಾನ' ಪತ್ರಿಕೆಯನ್ನು ಬಹುಕಾಲ ಸಂಪಾದಿಸಿದರು. ನಾನು ಹತ್ತನೆಯ ತರಗತಿಯಲ್ಲಿ ವಿಜ್ಞಾನದ ರುಚಿ ಹತ್ತಿಸಿಕೊಂಡದ್ದು ಇಂಥವರಿಂದಲೇ. ಅಲ್ಲಿಂದ ಪಿಯುಸಿಗೆ ಕಾಲಿಡುವ ಹೊಸ್ತಿಲಲ್ಲಿ ಮಾತ್ರ ಕೈಹಿಡಿಯಲು ಯಾರೂ ಇರಲಿಲ್ಲ. ಕಲಾಭವನದ ಕಥೆಯೂ ಬಹಳ ಬೇರೆಯಲ್ಲ. ಇಂದು ಅಲ್ಲಿ ಪಾಠ ಇಂಗ್ಲಿಷಿನಲ್ಲೇ. ನಾನು ಹೊಟ್ಟೆ ಹೊರೆಯುತ್ತಿರುವುದೂ ಇಂಗ್ಲಿಷ್ ರಿಪೋರ್ಟ್ ಬರೆದೇ, ಆದ್ದರಿಂದ ಇಂಗ್ಲಿಷನ್ನು ಬೈಯುವ ಹಕ್ಕು ನನಗಿಲ್ಲ. ಆದರೆ ಕೈಯಲ್ಲಿರುವ ವಿದ್ಯೆಯನ್ನೂ ಪುಸ್ತಕದ ವಿದ್ಯೆಯನ್ನೂ ಅಕ್ಕಪಕ್ಕ ಬರೆದು, ನಿನ್ನದೂ ಇದೂ ಒಂದೇ ಲೆಕ್ಕ ಎಂದು ಹೇಳಲು ಮನೆಮಾತಿನ ಹತ್ತು ವಾಕ್ಯ ಸಾಕಿತ್ತು.

ಆ ರಾತ್ರಿ ಗೆಳೆಯನಿಗೆ ಫೋನ್ ಮಾಡಿದೆ. ಈಗ ಅವನು ಬಣ್ಣದ ಕೆಲಸ ಬಿಟ್ಟು ನೂಲಿನ ಅಂಗಡಿ ಇಟ್ಟಿದ್ದಾನೆ. ಹೈಡ್ರೋಸ್ ಎಲೆಕ್ಟ್ರಾನ್ ಕೊಡುತ್ತದೆ, ನೀಲಿ ಎರಡು ಪಡೆಯುತ್ತದೆ, ಗಾಳಿ ಮತ್ತೆ ಕಸಿಯುತ್ತದೆ ಎಂದೆಲ್ಲ ಹೇಳಿದೆ. ಅವನು ಸುಮ್ಮನೆ ಕೇಳಿಸಿಕೊಂಡ.

"ಅಂದ್ರ ಪರೀಕ್ಷಾದಾಗ ಕೇಳಿದ್ದು ಅದನ ಏನು?"

"ಅದನ."

ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ ಅಂದ, "ನನ್ನ ಮಗ ಈ ವರ್ಷ ಪಿಯುಸಿ ಸೈನ್ಸ್ ಸೇರ್ಯಾನ. ದೀಪಾವಳಿಗೆ ಬರ್ತೀಯಲ್ಲ, ಅವಗ ಒಂದೀಟು ಹೇಳು. ಹಿತ್ತಲದಾಗ ಬಾನಿ ಇನ್ನೂ ಐತಿ."

ಹುಬ್ಬಳ್ಳಿ ಕಡೆಯ ರೈಲಿಗೆ ಟಿಕೆಟ್ ಮಾಡಿಸಿದೆ. ಎದುರು ಮನೆಯ ಹುಡುಗಿ ಸೈನ್ಸಿನಲ್ಲೇ ಉಳಿದಿದ್ದಾಳೆ. ಊರಿಗೆ ಹೋಗುವಾಗ ಅವಳ ನೋಟ್‌ಬುಕ್ಕಿನ ಆ ಪುಟದ ಫೋಟೋ ತೆಗೆದುಕೊಂಡೆ, ಮೊದಲು ಬರೆದ ತಪ್ಪು ಸಾಲೂ ಇರುವ ಹಾಗೆ.